ಅವರು ಮತ್ತು ಅವನು: ಸ್ಟೀಫನ್ ಕೊಲ್ಬೇರ್ ಒಂಬತ್ತು ವರ್ಷ ಹೊತ್ತ ವೇಷ

[ದೃಶ್ಯ: ಖಾಲಿ ಸ್ಟುಡಿಯೋ. ಇಂಗ್ಲಿಷಿನ ‘ಸಿ’ ಅಕ್ಷರದ ಆಕಾರದ ಮೇಜು.]

ನಮಸ್ಕಾರ. ಅಮೆರಿಕದ ಕಾಮಿಡಿ ಸೆಂಟ್ರಲ್ ಎಂಬ ಕೇಬಲ್ ಚಾನೆಲ್‌ಗಾಗಿ ನ್ಯೂಯಾರ್ಕಿನಲ್ಲಿ ತಯಾರಾಗುತ್ತಿದ್ದ ಒಂದು ತಡರಾತ್ರಿಯ ಕಾರ್ಯಕ್ರಮದಲ್ಲಿ, ಸಂದರ್ಶನಕ್ಕೆ ಮುಂಚೆ ನಿರೂಪಕರು ಅತಿಥಿಯನ್ನು ಕಂಡು ಒಂದು ಎಚ್ಚರಿಕೆ ಕೊಡುತ್ತಿದ್ದರು. ಇನ್ನು ಸ್ವಲ್ಪ ಹೊತ್ತಿನಲ್ಲಿ ನಿಮ್ಮೆದುರು ಕೂರುವವನು ಮೂರ್ಖ, ಅದೂ ಬೇಕೆಂದೇ ಏನನ್ನೂ ತಿಳಿದುಕೊಳ್ಳದ ಮೂರ್ಖ, ಅವನ ಅಜ್ಞಾನವನ್ನು ನೀವು ಮುಲಾಜಿಲ್ಲದೆ ತಿದ್ದಬೇಕು ಎಂಬುದು ಆ ಮಾತಿನ ಸಾರ. ಹೀಗೆ ಹೇಳಿ ಹೋದವರೇ ಸ್ವಲ್ಪ ಹೊತ್ತಿನ ಮೇಲೆ ಆ ಮೂರ್ಖನಾಗಿ ಮರಳಿ ಬರುತ್ತಿದ್ದರು. ಇಬ್ಬರ ಹೆಸರೂ ಸ್ಟೀಫನ್ ಕೊಲ್ಬೇರ್.

ಈ ಸಂಗತಿಯನ್ನು ಇಂಗ್ಲಿಷಿಗಿಂತ ಕನ್ನಡದಲ್ಲಿ ವಿವರಿಸುವುದು ಸುಲಭ, ಏಕೆಂದರೆ ನಮ್ಮಲ್ಲಿ ‘ಅವರು’ ಮತ್ತು ‘ಅವನು’ ಎಂಬ ಎರಡು ಸರ್ವನಾಮಗಳಿವೆ. ಈ ವಿಡಿಯೋ ಮುಗಿಯುವವರೆಗೆ ‘ಅವರು’ ಎಂದರೆ ನಟ, ‘ಅವನು’ ಎಂದರೆ ಪಾತ್ರ ಎಂದು ಇಟ್ಟುಕೊಳ್ಳೋಣ. ಇಂಗ್ಲಿಷಿನ ವೀಕ್ಷಕರಿಗೆ ಈ ಅನುಕೂಲವಿರಲಿಲ್ಲ, ಮತ್ತು ಅವರ ವೃತ್ತಿಜೀವನದ ಅರ್ಧಕ್ಕರ್ಧ ಕಥೆ ಆ ಗೊಂದಲದಿಂದಲೇ ಹುಟ್ಟಿದೆ.

ಮೊದಲು ಅವರ ಬಗ್ಗೆ ಸ್ವಲ್ಪ. 1964ರಲ್ಲಿ ಹುಟ್ಟಿದ ಕೊಲ್ಬೇರ್, ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ ಬೆಳೆದವರು. ಹನ್ನೊಂದು ಮಕ್ಕಳ ಕ್ಯಾಥೊಲಿಕ್ ಕುಟುಂಬದಲ್ಲಿ ಕಡೆಯವರು. 1974ರ ಸೆಪ್ಟೆಂಬರ್ 11ರಂದು ನಡೆದ ವಿಮಾನ ಅಪಘಾತವೊಂದರಲ್ಲಿ ವೈದ್ಯರಾಗಿದ್ದ ತಂದೆಯನ್ನೂ ಇಬ್ಬರು ಅಣ್ಣಂದಿರನ್ನೂ ಕಳೆದುಕೊಂಡಾಗ ಅವರಿಗೆ ಹತ್ತು ವರ್ಷ. ಮನೆಯಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ‘ಕೋಲ್ಬರ್ಟ್’ ಎಂಬ ಉಚ್ಚಾರಣೆಯನ್ನು ಬಿಟ್ಟು, ಕೊನೆಯ ‘ಟಿ’ ನುಂಗಿದ ಫ್ರೆಂಚ್ ಧಾಟಿಯ ‘ಕೊಲ್ಬೇರ್’ ಎಂದು ಹೇಳಿಕೊಳ್ಳಲು ಆರಂಭಿಸಿದ್ದು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಕ್ಕೆ ನಾಟಕ ಕಲಿಯಲು ಹೋದಾಗ. ಹೆಸರನ್ನೇ ವೇಷದಂತೆ ತೊಟ್ಟುಕೊಳ್ಳುವ ಅಭ್ಯಾಸ ಅಲ್ಲಿಂದಲೇ ಬಂದಿತೋ ಏನೋ. ಆಮೇಲೆ ಶಿಕಾಗೋದ ಸೆಕೆಂಡ್ ಸಿಟಿ ಎಂಬ ಆಶು ಹಾಸ್ಯನಾಟಕ ತಂಡದಲ್ಲಿ ಪಳಗಿ, 1997ರಲ್ಲಿ ಕಾಮಿಡಿ ಸೆಂಟ್ರಲ್‌ನ ‘ದ ಡೈಲಿ ಶೋ’ಗೆ ವರದಿಗಾರನ ಪಾತ್ರಧಾರಿಯಾಗಿ ಸೇರಿದರು. 1999ರಲ್ಲಿ ಜಾನ್ ಸ್ಟೂವರ್ಟ್ ಆ ಕಾರ್ಯಕ್ರಮದ ನಿರೂಪಕರಾಗಿ ಬಂದ ಮೇಲೆ ಅದರ ಗುರಿ ಸಿನಿಮಾ ತಾರೆಯರ ಮೇಲಿನ ಕುಹಕದಿಂದ ರಾಜಕೀಯದ ಕಡೆಗೂ ಸುದ್ದಿ ಚಾನೆಲ್‌ಗಳ ಕಡೆಗೂ ತಿರುಗಿತು.

[ದೃಶ್ಯ: ಗಡಿಯಾರ, ರಾತ್ರಿ 11:30.]

ಕೇಬಲ್ ಎಂಬುದು ಇಲ್ಲಿ ಮುಖ್ಯವಾದ ಅಂಶ. ಸಿಬಿಎಸ್, ಎನ್‌ಬಿಸಿ, ಎಬಿಸಿಯಂಥ ಪ್ರಸಾರ ಜಾಲಗಳು ತಡರಾತ್ರಿಯಲ್ಲಿ ದೇಶದ ಎಲ್ಲರನ್ನೂ ಒಟ್ಟಿಗೆ ನಗಿಸಬೇಕಿತ್ತು. ಜಾಹೀರಾತುದಾರರು ಲಕ್ಷಗಟ್ಟಲೆ ವೀಕ್ಷಕರನ್ನು ಬಯಸುತ್ತಿದ್ದುದರಿಂದ ಅಲ್ಲಿನ ನಿರೂಪಕ ಯಾರಿಗೂ ತೀರಾ ಕಹಿಯಾಗದ, ನೆರೆಮನೆಯ ಮಾತುಗಾರನಂತೆ ಇರಬೇಕಾಗುತ್ತಿತ್ತು. ಕೇಬಲ್ ಚಾನೆಲ್‌ಗೆ ಜಾಹೀರಾತಿನ ಜೊತೆಗೆ ಚಂದಾದಾರರ ಶುಲ್ಕದಲ್ಲೂ ಪಾಲು ಸಿಗುತ್ತಿತ್ತು, ಹಾಗಾಗಿ ಸಣ್ಣದಾದರೂ ನಿಷ್ಠಾವಂತ ಪ್ರೇಕ್ಷಕವರ್ಗ ಸಾಕಾಗುತ್ತಿತ್ತು. ಒಂದೇ ತಮಾಷೆಯನ್ನು ವರ್ಷಗಟ್ಟಲೆ ಮುಖ ಗಂಟಿಕ್ಕಿಕೊಂಡು ಮುಂದುವರಿಸುವ ಹುಚ್ಚು ಸಾಹಸಕ್ಕೆ ಅಂಥ ಜಾಗವೇ ಬೇಕಿತ್ತು.

2005ರ ಅಕ್ಟೋಬರ್ 17ರಂದು ‘ದ ಕೊಲ್ಬೇರ್ ರಿಪೋರ್ಟ್’ ಆರಂಭವಾಯಿತು. ಹೆಸರಿನ ಎರಡೂ ಪದಗಳಲ್ಲಿ ‘ಟಿ’ಯನ್ನು ನುಂಗಿ ‘ಕೊಲ್ಬೇರ್ ರಿಪೋರ್’ ಎನ್ನಬೇಕು. ಪೊಳ್ಳು ಗಾಂಭೀರ್ಯಕ್ಕೆ ಅಷ್ಟು ಸಾಕು. ಇದಕ್ಕೂ ಮುಂಚೆ, ಇಲ್ಲದ ಕಾರ್ಯಕ್ರಮವೊಂದರ ಹುಸಿ ಜಾಹೀರಾತಾಗಿ ಈ ಹೆಸರು ಡೈಲಿ ಶೋನಲ್ಲಿ ಬಂದಿತ್ತು. ಪಾತ್ರದ ಮುಖ್ಯ ಮಾದರಿ ಫಾಕ್ಸ್ ನ್ಯೂಸ್‌ನ ಅಂದಿನ ಪ್ರಭಾವಿ ನಿರೂಪಕ ಬಿಲ್ ಓರೈಲಿ. ಅವನು ಕೂಗುತ್ತಾನೆ, ದೇಶಭಕ್ತಿಯನ್ನು ಗುತ್ತಿಗೆ ಹಿಡಿದಿದ್ದಾನೆ, ಪುಸ್ತಕಗಳನ್ನು ನಂಬುವುದಿಲ್ಲ. ಅತಿಥಿಯ ಹೆಸರು ಕರೆದ ಕೂಡಲೇ ತಾನೇ ಓಡಿಬಂದು ಸಭಿಕರ ಚಪ್ಪಾಳೆಯನ್ನು ಸ್ವೀಕರಿಸುತ್ತಾನೆ, ಅತಿಥಿ ಮೇಜಿನ ಮುಂದೆ ಸುಮ್ಮನೆ ಕೂತು ಕಾಯುತ್ತಾರೆ.

ಮೊದಲ ಸಂಚಿಕೆಯಲ್ಲೇ ಅವನು ‘ಟ್ರೂತಿನೆಸ್’ ಎಂಬ ಪದವನ್ನು ಚಲಾವಣೆಗೆ ತಂದ. ಪುರಾವೆ ಏನೇ ಹೇಳಲಿ, ನನ್ನ ಕರುಳಿಗೆ ನಿಜವೆನಿಸಿದ್ದೇ ನಿಜ ಎಂಬ ಮನೋಭಾವಕ್ಕೆ ಅದು ಹೆಸರು. ಅಮೆರಿಕನ್ ಡೈಲೆಕ್ಟ್ ಸೊಸೈಟಿ ಅದನ್ನು 2005ರ ವರ್ಷದ ಪದವೆಂದು ಆರಿಸಿತು, ಮರುವರ್ಷ ಮೆರಿಯಮ್-ವೆಬ್‌ಸ್ಟರ್ ನಿಘಂಟೂ ಹಾಗೆಯೇ ಮಾಡಿತು. ಪದ ಬಂದದ್ದು ‘ದ ವರ್ಡ್’ ಎಂಬ ವಿಭಾಗದಲ್ಲಿ. ಪರದೆಯ ಒಂದು ಬದಿಯಲ್ಲಿ ಅವನು ಆವೇಶದಿಂದ ಭಾಷಣ ಮಾಡುತ್ತಿದ್ದರೆ, ಇನ್ನೊಂದು ಬದಿಯಲ್ಲಿ ಮೂಡುವ ಚುಟುಕು ಸಾಲುಗಳು ಅವನ ಮಾತನ್ನು ಅಲ್ಲಲ್ಲೇ ಗೇಲಿ ಮಾಡುತ್ತಿದ್ದವು. ಎಡಕ್ಕೆ ಅವನ ದನಿ, ಬಲಕ್ಕೆ ಅವರದು. ಇಡೀ ಕಾರ್ಯಕ್ರಮದ ಕಸುಬು ಈ ಸೀಳು ಪರದೆಯಲ್ಲಿ ಅಡಗಿತ್ತು ಎಂದು ನನಗೆ ಅನಿಸುತ್ತದೆ.

2006ರ ಏಪ್ರಿಲ್ 29ರಂದು ಶ್ವೇತಭವನದ ವರದಿಗಾರರ ಸಂಘದ ಔತಣಕೂಟದಲ್ಲಿ ಅವನನ್ನು ಮಾತಿಗೆ ಕರೆದರು. ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಕೆಲವೇ ಹೆಜ್ಜೆಗಳಾಚೆ ಕೂತಿದ್ದರು. ಅವನು ಅಧ್ಯಕ್ಷರನ್ನು ಒಂದೇ ಸಮನೆ ಹೊಗಳಿದ. ಪ್ರತಿ ಹೊಗಳಿಕೆಯೂ ಏಟಾಗಿತ್ತು. ನಮ್ಮ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ವ್ಯಾಜಸ್ತುತಿ ಎಂಬ ಹಳೆಯ ಹೆಸರಿದೆ. ಇರಾಕ್ ಯುದ್ಧದ ಕಾಲದಲ್ಲಿ ಸರ್ಕಾರ ಹೇಳಿದ್ದನ್ನು ಬರೆದುಕೊಂಡರೆಂದು ಪತ್ರಕರ್ತರನ್ನೂ ಅವನು ಬಿಡಲಿಲ್ಲ, ಹಾಗಾಗಿ ಸಭಾಂಗಣದಲ್ಲಿ ನಗು ಕಡಿಮೆಯಿತ್ತು. ಅದೇ ಭಾಷಣ ಅಂತರ್ಜಾಲಕ್ಕೆ ಬಂದಾಗ ಲಕ್ಷಾಂತರ ಜನ ನೋಡಿದರು.

[ದೃಶ್ಯ: ಒಂದೇ ಮುಖದ ಎರಡು ಚಿತ್ರಗಳು, ಅಕ್ಕಪಕ್ಕ.]

ಎಲ್ಲರಿಗೂ ಈ ವ್ಯಂಗ್ಯ ವ್ಯಂಗ್ಯವಾಗಿಯೇ ತಲುಪಿತೇ? 2009ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಉದಾರವಾದಿಗಳಿಗೂ ಸಂಪ್ರದಾಯವಾದಿಗಳಿಗೂ ಕಾರ್ಯಕ್ರಮ ಸಮನಾಗಿಯೇ ತಮಾಷೆಯೆನಿಸಿತ್ತು. ಆದರೆ ಸಂಪ್ರದಾಯವಾದಿ ವೀಕ್ಷಕರಲ್ಲಿ, ಅವರು ತಮಾಷೆ ಮಾಡುವಂತೆ ನಟಿಸುತ್ತಿದ್ದಾರಷ್ಟೇ, ಹೇಳುವುದನ್ನು ಮನಸಾರೆ ನಂಬಿದ್ದಾರೆ ಎಂದು ಭಾವಿಸುವ ಒಲವು ಹೆಚ್ಚಾಗಿತ್ತು. ಅಂದರೆ ಅವರವರು ಬಯಸಿದ ಕೊಲ್ಬೇರ್ ಅವರವರಿಗೆ ಸಿಕ್ಕಿದ್ದ.

ಅವನಿಂದ ಸಾಧ್ಯವಾದ, ಮಾಮೂಲಿ ಪತ್ರಕರ್ತನಿಂದ ಸಾಧ್ಯವಾಗದಿದ್ದ ಕೆಲಸವೆಂದರೆ 2011ರ ಸೂಪರ್ ಪ್ಯಾಕ್ ಪ್ರಸಂಗ. ಹಿಂದಿನ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ‘ಸಿಟಿಜನ್ಸ್ ಯುನೈಟೆಡ್’ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ನಂತರ, ಅಭ್ಯರ್ಥಿಯೊಂದಿಗೆ ನೇರ ಸಮಾಲೋಚನೆ ಇಟ್ಟುಕೊಳ್ಳದ, ‘ಸೂಪರ್ ಪ್ಯಾಕ್’ ಎಂದು ಹೆಸರಾದ ಗುಂಪುಗಳು ಮಿತಿಯಿಲ್ಲದೆ ಹಣ ಸಂಗ್ರಹಿಸಿ ಚುನಾವಣಾ ಪ್ರಚಾರಕ್ಕೆ ಸುರಿಯುವ ದಾರಿ ತೆರೆದಿತ್ತು. ಇದರ ಮೇಲೆ ಗಂಭೀರ ಲೇಖನಗಳು ಬೇಕಾದಷ್ಟು ಬಂದವು, ಓದಿದವರು ಕಡಿಮೆ. ಕೊಲ್ಬೇರ್ ಲೇಖನ ಬರೆಯಲಿಲ್ಲ, ಚುನಾವಣಾ ಆಯೋಗದ ಮಾಜಿ ಅಧ್ಯಕ್ಷ ಟ್ರೆವರ್ ಪಾಟರ್ ಅವರನ್ನು ವಕೀಲರನ್ನಾಗಿ ಇಟ್ಟುಕೊಂಡು ತಾವೇ ಆಯೋಗದ ಮುಂದೆ ಹೋಗಿ, 2011ರ ಜೂನ್ 30ರಂದು ಅನುಮತಿ ಪಡೆದು, ನಿಜವಾದ ಸೂಪರ್ ಪ್ಯಾಕ್ ಒಂದನ್ನು ಕಟ್ಟಿದರು. ವೀಕ್ಷಕರು ನಿಜವಾದ ಹಣವನ್ನೇ ಕಳಿಸಿದರು. ಮೊತ್ತ 10 ಲಕ್ಷ ಡಾಲರ್ ದಾಟಿತು.

ಸೂಪರ್ ಪ್ಯಾಕ್ ತನ್ನ ದಾನಿಗಳ ಹೆಸರನ್ನು ಬಹಿರಂಗಪಡಿಸಬೇಕು. ಆದರೆ ತೆರಿಗೆ ಕಾನೂನಿನ ಇನ್ನೊಂದು ಕಲಮಿನ ಅಡಿಯಲ್ಲಿ ಸ್ಥಾಪಿಸುವ ‘ಸಮಾಜ ಕಲ್ಯಾಣ’ ಸಂಸ್ಥೆ ಹಾಗೆ ಮಾಡಬೇಕಾಗಿಲ್ಲ, ಮತ್ತು ಅಂಥ ಸಂಸ್ಥೆ ಸೂಪರ್ ಪ್ಯಾಕ್‌ಗೆ ಹಣ ಕೊಡಬಹುದು. ಅವನು ಕ್ಯಾಮೆರಾದ ಮುಂದೆಯೇ ಕಾಗದಕ್ಕೆ ಸಹಿ ಹಾಕಿ ಅಂಥ ಸಂಸ್ಥೆಯನ್ನು ಸ್ಥಾಪಿಸಿದ, ಇದಕ್ಕೂ ಹಣ ಮರೆಮಾಚುವುದಕ್ಕೂ ವ್ಯತ್ಯಾಸವೇನು ಎಂದು ಮುಗ್ಧನಂತೆ ಕೇಳಿದ. ಪಾಟರ್ ಮುಖದ ಮೇಲಿನ ತೆಳುನಗೆಯೇ ಉತ್ತರವಾಗಿತ್ತು. 2012ರ ಜನವರಿಯಲ್ಲಿ, ದಕ್ಷಿಣ ಕೆರೊಲಿನಾದಲ್ಲಿ ಸ್ಪರ್ಧಿಸುವ ಸಾಧ್ಯತೆ ಪರಿಶೀಲಿಸುತ್ತೇನೆಂದು ಘೋಷಿಸಿ, ನಿಧಿಯನ್ನು ಗೆಳೆಯ ಜಾನ್ ಸ್ಟೂವರ್ಟ್‌ಗೆ ಹಸ್ತಾಂತರಿಸಿದ. ಇಬ್ಬರೂ ವ್ಯವಹಾರದಲ್ಲಿ ಪಾಲುದಾರರು. ಕಾನೂನಿನ ಕಣ್ಣಿಗೆ ಅದು ತೊಡಕಲ್ಲ ಎಂಬುದು ಜೋಕೂ ಹೌದು, ವಸ್ತುಸ್ಥಿತಿಯೂ ಹೌದು. ಈ ಸರಣಿಗೆ ಪೀಬಾಡಿ ಪ್ರಶಸ್ತಿ ಬಂತು. ಉಳಿದ ಹಣ ದಾನಕ್ಕೆ ಹೋಯಿತು.

ವೇಷ ಕಳಚಿದ ಒಂದು ಗಳಿಗೆಯನ್ನೂ ಹೇಳಬೇಕು. 2010ರ ಸೆಪ್ಟೆಂಬರ್‌ನಲ್ಲಿ ವಲಸೆ ಕೃಷಿ ಕಾರ್ಮಿಕರ ಕುರಿತು ಸಂಸದೀಯ ಉಪಸಮಿತಿಯ ಮುಂದೆ ಅವನು ಸಾಕ್ಷಿ ನುಡಿದ, ಒಂದು ದಿನ ಹೊಲದಲ್ಲಿ ದುಡಿದು ಪರಿಣತನಾಗಿದ್ದೇನೆಂದು ಜಂಬ ಕೊಚ್ಚಿದ. ಕೊನೆಯಲ್ಲಿ ಸಂಸದೆ ಜೂಡಿ ಚು, ನಿಮಗೆ ಈ ವಿಷಯವೇ ಏಕೆ ಎಂದು ಕೇಳಿದಾಗ, ತಲೆ ಕೆರೆದುಕೊಂಡು ಮಾತನಾಡಿದ್ದು ಅವರು. ಯಾವ ಅಧಿಕಾರವೂ ಇಲ್ಲದವರ ಪರ ಮಾತನಾಡುವುದು ನನಗೆ ಇಷ್ಟ, ಬಂದು ನಮ್ಮ ಕೆಲಸ ಮಾಡಿಕೊಡುವ ಈ ಜನಕ್ಕೆ ಯಾವ ಹಕ್ಕೂ ಇಲ್ಲ ಎಂಬರ್ಥದ, ಬೈಬಲ್‌ನ ನೆರಳಿದ್ದ ಆ ಉತ್ತರ ಒಂದು ನಿಮಿಷವೂ ಇರಲಿಲ್ಲ. ಆ ಇಡೀ ದಿನದಲ್ಲಿ ನನಗೆ ನೆನಪುಳಿದಿರುವುದು ಅದೊಂದೇ.

ಪಾತ್ರಕ್ಕೆ ಮಿತಿಯೂ ಇತ್ತು. 2014ರ ಮಾರ್ಚ್‌ನಲ್ಲಿ, ಫುಟ್‌ಬಾಲ್ ತಂಡವೊಂದರ ಮಾಲೀಕನ ಜನಾಂಗೀಯ ಸಂವೇದನಾಶೂನ್ಯತೆಯನ್ನು ಗೇಲಿ ಮಾಡಲು ಅವನು ಆಡಿದ ಮಾತಿನ ಒಂದು ಸಾಲನ್ನು ಚಾನೆಲ್‌ನ ಸಿಬ್ಬಂದಿ ಸಂದರ್ಭವಿಲ್ಲದೆ ಟ್ವೀಟ್ ಮಾಡಿದರು. ಬರಿಯ ಸಾಲಾಗಿ ಓದಿದಾಗ ಅದು ಏಷ್ಯಾ ಮೂಲದವರ ಅವಹೇಳನ ಮಾತ್ರವಾಗಿತ್ತು, ಕಾರ್ಯಕ್ರಮವನ್ನು ನಿಲ್ಲಿಸಬೇಕೆಂಬ ಕೂಗು ಎದ್ದಿತು. ಸಂದರ್ಭ ತಿಳಿದ ಮೇಲೂ ಆ ಸಿಟ್ಟು ಪೂರ್ತಿ ಅಕಾರಣವೆಂದು ನಾನು ಹೇಳಲಾರೆ: ಒಬ್ಬರ ಅವಮಾನವನ್ನು ತೋರಿಸಲು ಇನ್ನೊಬ್ಬರನ್ನು ಸಾಧನವಾಗಿಸಿದ್ದು ನಿಜ.

ಮುಂದಿನ ತಿಂಗಳು, ತಡರಾತ್ರಿಯ ‘ದ ಲೇಟ್ ಶೋ’ದ ನಿರೂಪಕ ಡೇವಿಡ್ ಲೆಟರ್‌ಮನ್ ಅವರ ಉತ್ತರಾಧಿಕಾರಿಯಾಗಿ ಸಿಬಿಎಸ್ ಅವರನ್ನು ಆರಿಸಿತು. ಅವನಿಗೆ ಅಲ್ಲಿ ಪ್ರವೇಶವಿರಲಿಲ್ಲ. ಡಿಸೆಂಬರ್ 18ರಂದು ಪ್ರಸಾರವಾದ ಕೊನೆಯ ಸಂಚಿಕೆಯಲ್ಲಿ ಅವನು ಯಮದೂತನನ್ನೇ ಕೊಂದು ಚಿರಂಜೀವಿಯಾದ.

2015ರ ಸೆಪ್ಟೆಂಬರ್ 8ರಂದು ‘ದ ಲೇಟ್ ಶೋ’ ವೇದಿಕೆಗೆ ಬಂದ ಸಜ್ಜನ ನಿರೂಪಕರನ್ನು ವೀಕ್ಷಕರು ಮೊದಲ ತಿಂಗಳುಗಳಲ್ಲಿ ಅಷ್ಟಾಗಿ ಗುರುತು ಹಿಡಿಯಲಿಲ್ಲ. 2016ರ ಜುಲೈನಲ್ಲಿ, ರಿಪಬ್ಲಿಕನ್ ಪಕ್ಷದ ಸಮಾವೇಶದ ವಾರ, ಅವನನ್ನು ಒಂದು ರಾತ್ರಿಗೆ ವಾಪಸ್ ಕರೆತಂದರು. ಕೆಲವೇ ದಿನಗಳಲ್ಲಿ, ಹಳೆಯ ಸಂಸ್ಥೆಯ ವಕೀಲರು ಆ ಪಾತ್ರ ತಮ್ಮ ಬೌದ್ಧಿಕ ಆಸ್ತಿ ಎಂದು ತಿಳಿಸಿದ್ದಾರೆಂದು ಅವರೇ ವೀಕ್ಷಕರಿಗೆ ಹೇಳಿದರು. ಹೆಸರು ಅವರದ್ದು, ಮುಖ ಅವರದ್ದು, ಅವನು ಮಾತ್ರ ಬೇರೆಯವರ ಸ್ವತ್ತು. ಪರಿಹಾರವಾಗಿ ಅವರು ಅಂದು ರಾತ್ರಿಯೇ ಅವನ ‘ತದ್ರೂಪಿ ಅವಳಿ ದಾಯಾದಿ’ಯನ್ನು ಪರಿಚಯಿಸಿದರು. ಆ ದಾಯಾದಿಯ ಹೆಸರೂ ಸ್ಟೀಫನ್ ಕೊಲ್ಬೇರ್.

[ದೃಶ್ಯ: ಎಡ್ ಸಲಿವನ್ ಥಿಯೇಟರ್‌ನ ಹೊರಗಿನ ದೀಪಗಳು.]

2016–17ರ ಋತುವಿನ ಹೊತ್ತಿಗೆ ಲೇಟ್ ಶೋ ತಡರಾತ್ರಿಯ ವೀಕ್ಷಕರ ಸಂಖ್ಯೆಯಲ್ಲಿ ಮೊದಲ ಸ್ಥಾನಕ್ಕೆ ಬಂತು. 2019ರ ಡಿಸೆಂಬರ್‌ನಲ್ಲಿ ಕಾಮಿಡಿ ಸೆಂಟ್ರಲ್‌ನ ಒಡೆಯ ವಯಾಕಾಮ್ ಮತ್ತು ಸಿಬಿಎಸ್ ವಿಲೀನಗೊಂಡು, ಅವರೂ ಅವನೂ ಒಂದೇ ಕಂಪನಿಯ ನೆರಳಿಗೆ ಬಂದರು. ಮುಂದೆ ಪ್ಯಾರಾಮೌಂಟ್ ಎಂದು ಹೆಸರಾದ ಆ ಕಂಪನಿ, ಟ್ರಂಪ್ ಹೂಡಿದ್ದ ಮೊಕದ್ದಮೆಯನ್ನು 1.6 ಕೋಟಿ ಡಾಲರ್ ಕೊಟ್ಟು ಬಗೆಹರಿಸಿಕೊಂಡದ್ದನ್ನು 2025ರ ಜುಲೈ 14ರಂದು ಅವರು ತಮ್ಮ ಕಾರ್ಯಕ್ರಮದಲ್ಲೇ ಲಂಚವೆಂದು ಕರೆದರು. ಈ ಸಲ ಎಡಬಲದ ಪರದೆ ಇರಲಿಲ್ಲ. ಮೂರು ದಿನಗಳ ನಂತರ, 2026ರ ಮೇ ತಿಂಗಳಿಗೆ ಕಾರ್ಯಕ್ರಮ ಕೊನೆಗೊಳ್ಳುವುದೆಂಬ ಪ್ರಕಟಣೆ ಹೊರಬಿತ್ತು. ಇದು ಶುದ್ಧ ಹಣಕಾಸಿನ ತೀರ್ಮಾನ ಎಂದು ಸಿಬಿಎಸ್ ಹೇಳಿತು. ಸಭಿಕರ ಕೂಗಿನ ನಡುವೆ ಅವರು ಆ ಸುದ್ದಿಯನ್ನು ತಾವೇ ಓದಿ ಹೇಳಿ, ತಮ್ಮ ಕುರ್ಚಿಗೆ ಇನ್ನೊಬ್ಬರು ಬರುವುದಿಲ್ಲ ಎಂಬುದನ್ನೂ ಸೇರಿಸಿದರು.