ಒಂದು ಅಂಗಿಯ ಇಪ್ಪತ್ತು ನಿಮಿಷ

ಕೇಳುಗರಿಗೆ ನಮಸ್ಕಾರ.

ಬೆಳಗಿನ ಹೊತ್ತು ಬೆಂಗಳೂರಿನ ಬೊಮ್ಮನಹಳ್ಳಿ, ಪೀಣ್ಯ ಇಲ್ಲವೇ ಮೈಸೂರು ರಸ್ತೆಯ ಕಡೆ ಹೋದವರಿಗೆ, ಊಟದ ಚೀಲ ಹಿಡಿದು ಗಾರ್ಮೆಂಟ್ಸ್ ಗೇಟಿನೊಳಗೆ ಬಿರಬಿರನೆ ನಡೆಯುವ ಹೆಂಗಸರ ಸಾಲು ಗೊತ್ತಿರುತ್ತದೆ. ಅವರು ಹೊಲಿದ ಅಂಗಿ ಯುರೋಪಿಗೋ ಅಮೆರಿಕಕ್ಕೋ ಹೋಗುತ್ತದೆ. ಆ ಅಂಗಿಯ ಕಾಲರಿನಲ್ಲಿ ಹೆಸರು ಹಾಕಿಕೊಂಡ ಕಂಪನಿಗೆ ಎಷ್ಟೋ ಸಲ ಒಂದು ಹೊಲಿಗೆ ಯಂತ್ರವೂ ಸ್ವಂತದ್ದಿರುವುದಿಲ್ಲ. ಹಾಗಾದರೆ ಹೊಲಿದವಳ ಕೂಲಿಗೆ, ಅವಳ ಜೀವಕ್ಕೆ ಹೊಣೆ ಯಾರು? ಇದಕ್ಕೆ ಉತ್ತರ ಹುಡುಕಲು ಲೆಕ್ಕದ ಹಾಳೆಯೇ ಒಳ್ಳೆಯ ಜಾಗ.

ಗಾರ್ಮೆಂಟ್ಸಿನಲ್ಲಿ ಎಲ್ಲವೂ ನಿಮಿಷದ ಲೆಕ್ಕ. ಒಂದು ಉಡುಪು ಹೊಲಿಯಲು ಹಿಡಿಯುವ ನಿಗದಿತ ನಿಮಿಷಗಳಿಗೆ ಅಲ್ಲಿನವರು 'ಸ್ಯಾಮ್' ಎನ್ನುತ್ತಾರೆ. ಒಂದು ಅಂಗಿಗೆ 20 ನಿಮಿಷ ಎಂದಿಟ್ಟುಕೊಳ್ಳೋಣ. ಟೈಲರಿಗೆ ತಿಂಗಳಿಗೆ 13,000 ರೂಪಾಯಿ ಎನ್ನೋಣ. ಅದರ ಮೇಲೆ ಮಾಲೀಕರ ಪಾಲಿನ ಪಿಎಫ್, ಇಎಸ್‌ಐ, ಬೋನಸ್, ಗ್ರಾಚ್ಯುಟಿ ಸೇರಿ ಸುಮಾರು ಶೇ 29 ಕೂಡಿದರೆ 16,800 ಆಗುತ್ತದೆ. ದಿನಕ್ಕೆ 8 ಗಂಟೆಯಂತೆ 26 ದಿನ ಎಂದರೆ 12,480 ನಿಮಿಷ. ಆದರೆ ಅಷ್ಟೂ ನಿಮಿಷ ಸೂಜಿ ಓಡುವುದಿಲ್ಲ. ದಾರ ತುಂಡಾಗುತ್ತದೆ, ಕತ್ತರಿಸಿದ ಬಟ್ಟೆಯ ಬಂಡಲ್ ತಡವಾಗುತ್ತದೆ, ಸ್ಟೈಲ್ ಬದಲಾಗುತ್ತದೆ. ಸಾಲಾಗಿ ಕೂತ ಟೈಲರುಗಳ ಲೈನಿನ ದಕ್ಷತೆ ಶೇ 55, ಅಂದರೆ ನೂರು ನಿಮಿಷದಲ್ಲಿ 55 ನಿಮಿಷದಷ್ಟು ಕೆಲಸ, ಎಂದು ಹಿಡಿದರೆ ಆ ಅಂಗಿಯ ಹೊಲಿಗೆ ಕೂಲಿ ಸುಮಾರು 49 ರೂಪಾಯಿ. 40 ಟೈಲರುಗಳ ಲೈನಿನಲ್ಲಿ ಗಂಟೆಗೆ 66 ಅಂಗಿ ಇಳಿಯುತ್ತವೆ.

ಈಗ ಕೊಳ್ಳುವ ಕಂಪನಿ, 'ಪೀಸಿಗೆ 9 ಸೆಂಟ್ ಇಳಿಸಿ' ಎನ್ನುತ್ತದೆ. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ ಅದು ಏಳೂವರೆ ರೂಪಾಯಿಗಿಂತ ತುಸು ಹೆಚ್ಚು. ಎಲ್ಲಿಂದ ಇಳಿಸಬೇಕು? ಬಟ್ಟೆ ಎಲ್ಲಿ ಕೊಳ್ಳಬೇಕೆಂದು ಎಷ್ಟೋ ಸಲ ಆ ಕಂಪನಿಯೇ ಗೊತ್ತುಮಾಡಿರುತ್ತದೆ. ಬಟನ್ನಿನ ಬೆಲೆಯೂ ಬಗ್ಗುವುದಿಲ್ಲ, ಕರೆಂಟ್ ಬಿಲ್ಲೂ ಬಗ್ಗುವುದಿಲ್ಲ. ಬಗ್ಗುವುದು ನಿಮಿಷ ಒಂದೇ. ದಕ್ಷತೆಯನ್ನು 55ರಿಂದ 65ಕ್ಕೆ ಏರಿಸಿದರೆ ಕೂಲಿ 49ರಿಂದ 41 ರೂಪಾಯಿ ಚಿಲ್ಲರೆಗೆ ಇಳಿಯುತ್ತದೆ. ಒಳ್ಳೆಯ ಯಂತ್ರ, ತರಬೇತಿ, ಸರಿಯಾದ ಜೋಡಣೆಯಿಂದ ಹೀಗೆ ಏರಿಸಿದರೆ ಯಾರಿಗೂ ನೋವಿಲ್ಲ. ಅದಕ್ಕೆ ತಿಂಗಳುಗಟ್ಟಲೆ ಸಮಯ ಬೇಕು, ದುಡ್ಡೂ ಬೇಕು. ಸೋಮವಾರದಿಂದಲೇ ಆಗಬೇಕೆಂದರೆ ಉಳಿಯುವುದು ಒಂದೇ ದಾರಿ: ಗಂಟೆಯ ಟಾರ್ಗೆಟ್ ಬರೆಯುವ ಬೋರ್ಡಿನ ಮೇಲೆ 66 ಅಳಿಸಿ 78 ಬರೆಯುವುದು. ಹೆಂಗಸರು ನೀರು ಕುಡಿಯುವುದು ಕಡಿಮೆ ಮಾಡುವುದು, ಶೌಚಾಲಯಕ್ಕೆ ಎದ್ದರೆ ಸೂಪರ್‌ವೈಸರ್ ಕೂಗುವುದು, ಟಾರ್ಗೆಟ್ ಮುಗಿಯದೆ ಸಂಜೆ ಉಳಿದ ಅರ್ಧ ಗಂಟೆ ಓಟಿಯ, ಅಂದರೆ ಹೆಚ್ಚುವರಿ ದುಡಿಮೆಯ, ಲೆಕ್ಕಕ್ಕೆ ಬಾರದಿರುವುದು, ಎಲ್ಲವೂ ಆ 9 ಸೆಂಟಿನಿಂದ ಇಳಿದು ಬಂದದ್ದು. ಕೂಗಿದ ಸೂಪರ್‌ವೈಸರನ್ನು ಕೆಲಸದಿಂದ ತೆಗೆದರೂ ಬೋರ್ಡಿನ ಮೇಲೆ 78 ಹಾಗೇ ಇರುತ್ತದೆ.

ಇನ್ನೊಂದು ಲೆಕ್ಕವನ್ನೂ ನೋಡಿ. 2020ರಲ್ಲಿ ಕರ್ನಾಟಕದಲ್ಲಿ ತಿಂಗಳಿಗೆ 417 ರೂಪಾಯಿ 60 ಪೈಸೆಯ ತುಟ್ಟಿಭತ್ಯೆ ಏರಿಕೆಯನ್ನು ಸರ್ಕಾರ ಮುಂದೂಡಿತು. ಹೈಕೋರ್ಟ್ ಆ ಮುಂದೂಡಿಕೆಗೆ ತಡೆ ಕೊಟ್ಟ ಮೇಲೂ ಎಷ್ಟೋ ಕಾರ್ಖಾನೆಗಳು ಏರಿಕೆಯನ್ನು ಕೊಡಲಿಲ್ಲ. ಕಾರ್ಮಿಕ ಸಂಘಟನೆಗಳು ಪಟ್ಟು ಹಿಡಿದು, ವಿದೇಶಿ ಬ್ರ್ಯಾಂಡುಗಳ ಮೇಲೆ ಒತ್ತಡ ಬಿದ್ದ ಮೇಲೆ, 2022ರ ಹೊತ್ತಿಗೆ ಬಾಕಿ ಕೈಸೇರತೊಡಗಿತು. ನಾವು ಈಗ ಹಾಕಿದ ಲೆಕ್ಕದಲ್ಲೇ ಆ ಮೊತ್ತವನ್ನು ಕೂಡಿಸಿದರೆ ಒಂದು ಅಂಗಿಗೆ ಬೀಳುವುದು ಒಂದೂವರೆ ರೂಪಾಯಿಯ ಆಸುಪಾಸು. ಎರಡು ಸೆಂಟೂ ಅಲ್ಲ. ಅಷ್ಟಕ್ಕಾಗಿ ಒಬ್ಬ ತಾಯಿ ವರ್ಷದ ಮೇಲೆ ವರ್ಷ ಕಾಯಬೇಕಾಯಿತಲ್ಲ ಎನ್ನುವುದು ನನಗೆ ಸಹಿಸಲಾಗದ ಮಾತು.

ಕಂಪನಿಗಳ ಸಾಮಾಜಿಕ ಹೊಣೆ, ಅಂದರೆ ಸಿಎಸ್‌ಆರ್, ಇಲ್ಲೆಲ್ಲಿ ಬರುತ್ತದೆ? ನಮ್ಮ 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಹಳ್ಳಿಯ ಶಾಲೆಗೆ ಶೌಚಾಲಯ ಕಟ್ಟಿದರೆ ಲೆಕ್ಕಕ್ಕೆ ಬರುತ್ತದೆ. ತನ್ನ ಕಾರ್ಖಾನೆಯ ಕಾರ್ಮಿಕರಿಗಷ್ಟೇ ಶೌಚಾಲಯ ಕಟ್ಟಿದರೆ ಬರುವುದಿಲ್ಲ. ಈ ನಿಯಮ ಸರಿಯಾಗಿಯೇ ಇದೆ, ಏಕೆಂದರೆ ಎರಡನೆಯದು ದಾನವಲ್ಲ, ಬಾಕಿ. ತಪ್ಪು ನಡೆಯುವುದು ಶಾಲೆಯ ಫೋಟೊ ತೋರಿಸಿ ಬಾಕಿಯನ್ನು ಮರೆಸಿದಾಗ. ಈ ಶೇ 2 ಎಂಬುದು ಲಾಭ ಬಂದ ನಂತರದ ಮಾತು. ಲಾಭ ಹೇಗೆ ಬಂತು ಎಂಬುದನ್ನು ಅದು ಕೇಳುವುದೇ ಇಲ್ಲ.

ಅದನ್ನು ಕೇಳಬೇಕಾದದ್ದು ಆಡಿಟ್, ಅಂದರೆ ಕಾರ್ಖಾನೆಯಲ್ಲಿ ಕಾರ್ಮಿಕರ ಸ್ಥಿತಿಗತಿಯ ತಪಾಸಣೆ. ಆದರೆ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ ಸಾಮಾಜಿಕ ಹೊಣೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿ ಕೆಲವೇ ವಾರಗಳಾಗಿದ್ದವು. 2012ರ ಸೆಪ್ಟೆಂಬರ್ 11ರಂದು ಬೆಂಕಿ ಬಿದ್ದು 250ಕ್ಕೂ ಹೆಚ್ಚು ಮಂದಿ ಸತ್ತರು. ಮುಂದಿನ ವರ್ಷ ಏಪ್ರಿಲ್ 23ರಂದು ಢಾಕಾ ಬಳಿ ಸಾವರಿನ ರಾನಾ ಪ್ಲಾಜಾ ಕಟ್ಟಡದಲ್ಲಿ ಬಿರುಕು ಕಂಡಿತು. ಕೆಳಗಿದ್ದ ಬ್ಯಾಂಕು ತನ್ನ ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಮೇಲಿನ ಗಾರ್ಮೆಂಟ್ಸಿನವರನ್ನು ಮಾತ್ರ ಸಂಬಳ ಹಿಡಿಯುವ ಹೆದರಿಕೆ ಹಾಕಿ ಮರುದಿನ ಒಳಗೆ ಕರೆಸಿದರು. ಅನುಮತಿ ಮೀರಿ ಎಬ್ಬಿಸಿದ ಅಂತಸ್ತುಗಳು, ಅವುಗಳ ಮೇಲೆ ಭಾರಿ ಜನರೇಟರುಗಳು. ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ತೀರಿಕೊಂಡರು. ಅಲ್ಲಿನ ಕೆಲವು ಕಾರ್ಖಾನೆಗಳಿಗೂ ಆಡಿಟ್ ಆಗಿತ್ತು. ಆಡಿಟರ್ ನೋಡಿದ್ದು ಕಡತ, ಕಂಬವನ್ನಲ್ಲ.

ಆಡಿಟ್ ಸೋಲುವ ಬಗೆ ಈ ಕಸುಬಿನವರಿಗೆಲ್ಲ ಗೊತ್ತು. ದಿನಾಂಕ ಮೊದಲೇ ತಿಳಿದಿರುತ್ತದೆ. ಶುಲ್ಕ ಕೊಡುವುದು ಹೆಚ್ಚಾಗಿ ಕಾರ್ಖಾನೆಯೇ. ಕಾರ್ಮಿಕರನ್ನು ಮಾತಾಡಿಸುವುದು ಕಾರ್ಖಾನೆಯ ಕೋಣೆಯಲ್ಲೇ, ಮೇಲಿನವರಿಗೆ ಕಾಣುವ ಹಾಗೆ. ಹಾಜರಿ ಪುಸ್ತಕ ಎರಡೆರಡು ಇರುತ್ತವೆ. ಪಳಗಿದ ಆಡಿಟರ್ ಹಾಜರಿ ಪುಸ್ತಕ ಬಿಟ್ಟು ಮುರಿದ ಸೂಜಿಯ ರಿಜಿಸ್ಟರ್ ಕೇಳುತ್ತಾನೆ. ಬಟ್ಟೆಯಲ್ಲಿ ಸೂಜಿಯ ಚೂರು ಉಳಿಯಬಾರದೆಂದು ಪ್ರತಿ ಮುರಿದ ಸೂಜಿಯನ್ನೂ ದಿನಾಂಕದೊಂದಿಗೆ ಬರೆದು ಅಂಟಿಸಿರುತ್ತಾರೆ. ಭಾನುವಾರ ರಜೆ ಎಂದು ಹಾಜರಿ ಹೇಳುತ್ತಿದ್ದು, ಅದೇ ಭಾನುವಾರ ಮೂರು ಸೂಜಿ ಮುರಿದಿದ್ದರೆ ಅಂದು ಯಂತ್ರ ಓಡಿದೆ ಎಂದೇ ಅರ್ಥ. ಜನರೇಟರಿನ ಡೀಸೆಲ್ ಪುಸ್ತಕ, ಕ್ಯಾಬ್‌ಗಳ ಗೇಟ್ ಪಾಸು ಕೂಡ ಹೀಗೆಯೇ ನಿಜ ಹೇಳುತ್ತವೆ.

ರಾನಾ ಪ್ಲಾಜಾ ನಂತರ 2013ರ ಮೇ ತಿಂಗಳಲ್ಲಿ ಆದ ಬಾಂಗ್ಲಾದೇಶದ ಅಕಾರ್ಡ್ ಒಪ್ಪಂದ ಬೇರೆ ದಾರಿ ಹಿಡಿಯಿತು. ಬ್ರ್ಯಾಂಡುಗಳ ಜೊತೆ ಕಾರ್ಮಿಕ ಸಂಘಗಳೂ ಸಹಿ ಹಾಕಿದವು. ಎಂಜಿನಿಯರುಗಳು ಕಂಬ, ಮೆಟ್ಟಿಲು, ಬೆಂಕಿ ಬಾಗಿಲು ಪರೀಕ್ಷಿಸಿದರು. ವರದಿಗಳು ಎಲ್ಲರಿಗೂ ಸಿಗುವಂತೆ ಪ್ರಕಟವಾದವು. ದುರಸ್ತಿಗೆ ಕಾರ್ಖಾನೆಗೆ ಹಣ ಹೊಂದುವಂತೆ ನೋಡಿಕೊಳ್ಳುವುದು ಬ್ರ್ಯಾಂಡಿನ ಕರ್ತವ್ಯವೆಂದು ಒಪ್ಪಂದದಲ್ಲೇ ಬರೆದರು. ಮುಖ್ಯವಾಗಿ, ಮಾತು ತಪ್ಪಿದ ಬ್ರ್ಯಾಂಡನ್ನು ಮಧ್ಯಸ್ಥಿಕೆಯ ನ್ಯಾಯಕ್ಕೆ, ಅಂದರೆ ಆರ್ಬಿಟ್ರೇಶನ್ನಿಗೆ, ಎಳೆಯಬಹುದಿತ್ತು. ಹಾಗೆ ಎಳೆದದ್ದರಿಂದಲೇ 2018ರಲ್ಲಿ ಒಂದು ಬ್ರ್ಯಾಂಡ್ 23 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು.

ಬೆಲೆ ಮಾಡುವಷ್ಟೇ ಕೆಡುಕನ್ನು ದಿನಗಳ ಲೆಕ್ಕವೂ ಮಾಡುತ್ತದೆ. ಕೊಳ್ಳುವವರಿಂದ ಬಣ್ಣದ ಒಪ್ಪಿಗೆ ಎರಡು ವಾರ ತಡ, ಸ್ಯಾಂಪಲ್ಲಿನ ಒಪ್ಪಿಗೆ ಒಂದು ವಾರ ತಡ, ಹಡಗಿನ ದಿನ ಮಾತ್ರ ಅದೇ. ತಪ್ಪಿದರೆ ವಿಮಾನದ ಬಾಡಿಗೆ ಕಾರ್ಖಾನೆಯ ತಲೆಗೆ. ಆಗ ರಾತ್ರಿ ಓಟಿ ಬರುತ್ತದೆ, ಅದೂ ಸಾಲದಾದರೆ ಯಾರ ಪಟ್ಟಿಯಲ್ಲೂ ಇಲ್ಲದ ಸಣ್ಣ ಶೆಡ್ಡಿಗೆ ಕೆಲಸ ಜಾರುತ್ತದೆ. ಕೊಳ್ಳುವವರು ತಮ್ಮಿಂದಾದ ತಡಕ್ಕೆ ಅಷ್ಟೇ ದಿನ ಹಡಗಿನ ದಿನವನ್ನೂ ಮುಂದೂಡಬೇಕೆಂದು ಆರ್ಡರಿನಲ್ಲೇ ಬರೆಸಬೇಕು. ಬೆಲೆಪಟ್ಟಿಯಲ್ಲಿ ನಿಮಿಷ, ದಕ್ಷತೆ, ಕೂಲಿ ಮೂರಕ್ಕೂ ಪ್ರತ್ಯೇಕ ಸಾಲು ಇರಬೇಕು. ಚೌಕಾಸಿ ಬೇರೆ ಸಾಲುಗಳ ಮೇಲೆ ನಡೆಯಲಿ. ಸರ್ಕಾರ ಕನಿಷ್ಠ ಕೂಲಿ ಏರಿಸಿದ ತಿಂಗಳಿಂದಲೇ ಆ ಸಾಲೂ ಏರಬೇಕು.

ಮಾರುಕಟ್ಟೆ ಮೌಲ್ಯದಲ್ಲಿ ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು 2022-23ರಿಂದ ಷೇರುಪೇಟೆಯ ನಿಯಂತ್ರಕ ಸೆಬಿ ಹೇಳಿದ ನಮೂನೆಯಲ್ಲಿ ಹೊಣೆಗಾರಿಕೆಯ ವರದಿ ಕೊಡಲೇಬೇಕು. ಷೇರು ಇಟ್ಟುಕೊಂಡ ಕೇಳುಗರು ಅದನ್ನು ತೆರೆದಾಗ ಗಿಡ ನೆಟ್ಟ ಪುಟ ದಾಟಿ ಮುಂದೆ ಹೋಗಿ. ಎಷ್ಟು ಕಾರ್ಮಿಕರಿಗೆ ಬರೀ ಕನಿಷ್ಠ ಕೂಲಿ, ಎಷ್ಟು ಜನರಿಗೆ ಅದಕ್ಕಿಂತ ಹೆಚ್ಚು ಎಂಬ ಕೋಷ್ಟಕ ಮಾನವ ಹಕ್ಕುಗಳ ಭಾಗದಲ್ಲಿದೆ. ಕಾಯಂ ನೌಕರರ ಸಾಲು ಓದಿ ನಿಲ್ಲಿಸಬೇಡಿ, ಕಾಯಂ ಅಲ್ಲದವರ ಸಾಲು ಅದರ ಕೆಳಗಿದೆ.

ನಮಸ್ಕಾರ.