ಕಣ್ಣಿನ ಹಳದಿ ಎಲ್ಲಿಂದ ಬಂತು?

ಕೇಳುಗರಿಗೆ ನಮಸ್ಕಾರ.

ಕೋಲಾರದ ಕಡೆ ಮನೆಯಲ್ಲಿ ಯಾರದಾದರೂ ಕಣ್ಣು ಹಳದಿಯಾಯಿತೆಂದರೆ ಮೊದಲು ಬರುವ ಮಾತು, "ಕಾಮಾಲೆಗೆ ಯಾವೂರಲ್ಲಿ ಔಷಧಿ ಕೊಡ್ತಾರೆ?" ಅದಕ್ಕಿಂತ ಮುಂಚೆ ಕೇಳಬೇಕಾದ್ದು ಬೇರೆಯೇ ಇದೆ: ಮೂತ್ರ ಯಾವ ಬಣ್ಣ, ಮಲ ಯಾವ ಬಣ್ಣ? ಕೇಳಲು ಮುಜುಗರ, ನಿಜ. ಆದರೆ ರಕ್ತ ಪರೀಕ್ಷೆಗೂ ಮೊದಲೇ ಅರ್ಧ ವಿಷಯ ಅಲ್ಲೇ ತಿಳಿದುಬಿಡುತ್ತದೆ.

ಕಾಮಾಲೆ ರೋಗದ ಹೆಸರಲ್ಲ, ಜ್ವರದ ಹಾಗೆ ಅದೊಂದು ಲಕ್ಷಣ. ರಕ್ತದ ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಹಳೆಯ ಕಣ ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಅದು ನೀರಲ್ಲಿ ಕರಗುವುದಿಲ್ಲ. ಲಿವರ್ ಅದನ್ನು ಕರಗುವಂತೆ ಮಾರ್ಪಡಿಸಿ, ಪಿತ್ತರಸದ ಜೊತೆ ಪಿತ್ತನಾಳದಲ್ಲಿ ಕರುಳಿಗೆ ಬಿಡುತ್ತದೆ. ಮಲಕ್ಕೆ ಕಂದು ಬಣ್ಣ ಬರುವುದು ಇದರಿಂದಲೇ.

ಕೆರೆಗಳ ಜಿಲ್ಲೆಯವರಿಗೆ ಕೆರೆಯ ಲೆಕ್ಕದಲ್ಲೇ ಹೇಳಬಹುದು. ಒಳಹರಿವು ಮಿತಿಮೀರಿದರೂ ಕೆರೆ ಕೋಡಿ ಬೀಳುತ್ತದೆ, ತೂಬು ಕೆಟ್ಟರೂ ಬೀಳುತ್ತದೆ, ಮುಂದಿನ ಕಾಲುವೆ ಕಟ್ಟಿಕೊಂಡರೂ ಬೀಳುತ್ತದೆ.

ಒಳಹರಿವು ಹೆಚ್ಚುವುದೆಂದರೆ ರಕ್ತಕಣಗಳು ಲೆಕ್ಕಕ್ಕಿಂತ ಜಾಸ್ತಿ ಒಡೆಯುವುದು. ಮಲೇರಿಯಾದಲ್ಲಿ, ಹುಟ್ಟಿನಿಂದ ಬಂದ ಕೆಲವು ರಕ್ತದ ತೊಂದರೆಗಳಲ್ಲಿ ಹೀಗಾಗುತ್ತದೆ. ಮುಖ ಬಿಳಿಚಿಕೊಂಡಿರುತ್ತದೆ, ಕಣ್ಣಲ್ಲಿ ತಿಳಿ ಹಳದಿ. ಈ ಬಿಲಿರುಬಿನ್ ನೀರಲ್ಲಿ ಕರಗದ್ದರಿಂದ ಮೂತ್ರಕ್ಕೆ ಇಳಿಯುವುದಿಲ್ಲ. ತೂಬು ಕೆಡುವುದೆಂದರೆ ಲಿವರಿನ ಜೀವಕೋಶಗಳಿಗೇ ಪೆಟ್ಟು: ವೈರಸ್, ಹೆಂಡ, ಔಷಧಿ, ವಿಷ. ಆಗ ಮೂತ್ರ ಗಾಢ ಹಳದಿಗೆ ತಿರುಗುತ್ತದೆ. ಕಾಲುವೆ ಕಟ್ಟಿಕೊಳ್ಳುವುದೆಂದರೆ ಪಿತ್ತನಾಳದಲ್ಲಿ ಕಲ್ಲು ಅಥವಾ ಗೆಡ್ಡೆ. ಮೂತ್ರ ಹಾಲು ಹಾಕದ ಟೀ ಬಣ್ಣ, ಮಲ ಮಾತ್ರ ಜೇಡಿಮಣ್ಣಿನಂತೆ ಬೆಳ್ಳಗೆ. ಜೊತೆಗೆ ಮೈಯೆಲ್ಲ ನವೆ. ಅಂಗೈ ಅಂಗಾಲು ರಾತ್ರಿ ಹೊತ್ತು ನಿದ್ದೆಗೆಡಿಸುವಷ್ಟು ಕೆರೆಯುತ್ತವೆ.

ಕಣ್ಣು ನೋಡುವುದಕ್ಕೂ ಒಂದು ಕ್ರಮವಿದೆ. ಬಲ್ಬಿನ ಬೆಳಕಲ್ಲಿ ನೋಡಬೇಡಿ, ಹಗಲಲ್ಲಿ ಬಾಗಿಲ ಬಳಿ ಕೂರಿಸಿ. ಕೆಳಗೆ ನೋಡಲು ಹೇಳಿ ಮೇಲಿನ ರೆಪ್ಪೆ ಎತ್ತಿ. ಅಲ್ಲಿನ ಬಿಳಿಭಾಗ ಹಳದಿಯಾಗಿದ್ದರೆ 100 ಮಿಲಿಲೀಟರ್ ರಕ್ತದಲ್ಲಿ ಬಿಲಿರುಬಿನ್ ಸುಮಾರು ಎರಡೂವರೆ ಮೂರು ಮಿಲಿಗ್ರಾಂ ದಾಟಿದೆ ಎಂದರ್ಥ. ಇರಬೇಕಾದ್ದು 1.2ರ ಒಳಗೆ. ಕ್ಯಾರೆಟ್ ವಿಪರೀತ ತಿಂದವರ ಅಂಗೈ ಹಳದಿಯಾಗುತ್ತದೆ, ಕಣ್ಣು ಆಗುವುದಿಲ್ಲ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದರೆ ಮೂತ್ರ ಹಳದಿ ಹೋಗುತ್ತದೆ, ಅದೂ ಕಾಮಾಲೆಯಲ್ಲ.

ನಮ್ಮಲ್ಲಿ ಹೆಚ್ಚು ಕಾಣುವುದು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ. ನಲ್ಲಿ ನೀರು ದಿನಗಟ್ಟಲೆ ನಿಂತು ಬರುವ ಕಡೆ ಪೈಪಿನೊಳಗೆ ಒತ್ತಡ ಇಳಿದಾಗ, ಬಿರುಕಿನಿಂದ ಪಕ್ಕದ ಚರಂಡಿ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ನೀರು ಬಿಟ್ಟಾಗ ಮೊದಲು ಬರುವುದು ಅದೇ. ಕುಡಿದ ಮರುದಿನವೇ ಕಾಯಿಲೆ ಬರುವುದಿಲ್ಲ. ಎರಡು ವಾರದಿಂದ ಎರಡು ತಿಂಗಳವರೆಗೆ ಹಿಡಿಯುತ್ತದೆ. ಅದಕ್ಕೇ ನಿನ್ನೆ ತಿಂದ ಊಟದ ಮೇಲೆ ತಪ್ಪು ಹೊರಿಸುವುದು ವ್ಯರ್ಥ. ಕಾಮಾಲೆಗೆ ತಂಪೆಂದು ರಸ್ತೆ ಬದಿಯ ಕಬ್ಬಿನ ಹಾಲು ಕುಡಿಸುತ್ತಾರಲ್ಲ, ಅದಕ್ಕೆ ಹಾಕುವ ಐಸಿನ ನೀರು ಎಲ್ಲಿಯದೆಂದು ಯಾರೂ ಕೇಳುವುದಿಲ್ಲ. ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಹೆಪಟೈಟಿಸ್ ಇ ಪ್ರಾಣಕ್ಕೇ ಕುತ್ತು ತರಬಲ್ಲದು. ಅವರ ಕಣ್ಣು ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಸುಳಿವು ಜ್ವರ. ವೈರಸ್ ಕಾಮಾಲೆಯಲ್ಲಿ ಮೊದಲು ಜ್ವರ, ವಾಕರಿಕೆ, ಊಟ ಸೇರದಿರುವುದು. ಕಣ್ಣು ಹಳದಿಯಾಗುವ ಹೊತ್ತಿಗೆ ಸಾಮಾನ್ಯವಾಗಿ ಜ್ವರ ಬಿಟ್ಟಿರುತ್ತದೆ. ಹಳದಿಯೂ ಇದೆ, ಜ್ವರವೂ ಕಾಯುತ್ತಿದೆ ಎಂದರೆ ಬೇರೆ ಕಾರಣ ಹುಡುಕಬೇಕು. ಗದ್ದೆಯ ನೀರಲ್ಲಿ ನಿಂತು ಕೆಲಸ ಮಾಡಿದವರಿಗೆ ಮೀನಖಂಡ ಮುಟ್ಟಿದರೆ ನೋವಾಗುವಂತಿದ್ದರೆ ಇಲಿಜ್ವರ ಇರಬಹುದು. ಚಳಿ ನಡುಕದ ಜ್ವರ, ಬಲಪಕ್ಕೆಯ ಕೆಳಗೆ ನೋವು, ಹಳದಿ ಮೂರೂ ಕೂಡಿದರೆ ಕಟ್ಟಿಕೊಂಡ ಪಿತ್ತನಾಳದಲ್ಲಿ ಸೋಂಕು ಕೂತಿದೆಯೆಂಬ ಅನುಮಾನ. ಅದಕ್ಕೆ ಗಂಟೆಗಳ ಲೆಕ್ಕ, ದಿನಗಳದ್ದಲ್ಲ.

ಈಗ ಲ್ಯಾಬಿನ ಚೀಟಿ. ಅದರಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ಎಂದರೆ ಲಿವರಿನ ಜೀವಕೋಶಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಕಿಣ್ವಗಳು, ಆಲ್ಕಲೈನ್ ಫಾಸ್ಫಟೇಸ್ ಎಂದರೆ ಪಿತ್ತನಾಳ ಕಟ್ಟಿಕೊಂಡಾಗ ಏರುವ ಕಿಣ್ವ. ಉದಾಹರಣೆಗೆ ಇಬ್ಬರನ್ನು ತೆಗೆದುಕೊಳ್ಳಿ, ಇಬ್ಬರ ಬಿಲಿರುಬಿನ್ನೂ 9. ಒಬ್ಬರ ಎಸ್‌ಜಿಪಿಟಿ 1,800, ಆಲ್ಕಲೈನ್ ಫಾಸ್ಫಟೇಸ್ ಸ್ವಲ್ಪವೇ ಏರಿದೆ. ಇನ್ನೊಬ್ಬರ ಎಸ್‌ಜಿಪಿಟಿ 110, ಆಲ್ಕಲೈನ್ ಫಾಸ್ಫಟೇಸ್ 700. ಮೊದಲಿನವರದು ಲಿವರಿನ ಉರಿಯೂತ, ಅವರಿಗೆ ವೈರಸ್ ಪರೀಕ್ಷೆ. ಎರಡನೆಯವರದು ಕಾಲುವೆಯ ತೊಂದರೆ, ಅವರಿಗೆ ಹೊಟ್ಟೆಯ ಸ್ಕ್ಯಾನಿಂಗ್. ಹಳದಿ ಒಂದೇ, ದಾರಿ ಎರಡು. ಕುಡಿತದಿಂದ ಕೆಟ್ಟ ಲಿವರಿನಲ್ಲಿ ಎಸ್‌ಜಿಒಟಿ ಎಸ್‌ಜಿಪಿಟಿಯ ಎರಡು ಪಟ್ಟು ಇರುತ್ತದೆ, ಎರಡೂ ಕೆಲವು ನೂರರ ಒಳಗೇ. ಬಿಲಿರುಬಿನ್ 2ರ ಆಸುಪಾಸು, ಅದೂ ಉಪವಾಸ ಮಾಡಿದಾಗ ಏರುವಂಥದ್ದು, ಉಳಿದೆಲ್ಲ ಸರಿಯಿದೆ ಎಂದರೆ ಅದು ಬಹುಮಟ್ಟಿಗೆ ಹುಟ್ಟಿನಿಂದ ಬಂದ ನಿರುಪದ್ರವಿ ಸ್ವಭಾವ. ಅದಕ್ಕೆ ಔಷಧಿಯೇ ಬೇಡ.

ಎಲ್ಲರೂ ಬಿಲಿರುಬಿನ್ ಅಂಕಿಯನ್ನೇ ದಿಟ್ಟಿಸುತ್ತಾರೆ. ವೈದ್ಯರ ಕಣ್ಣು ಇರುವುದು ಐಎನ್‌ಆರ್ ಮೇಲೆ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂಬ ಅಳತೆಯ ಮೇಲೆ. ರಕ್ತ ಹೆಪ್ಪುಗಟ್ಟಲು ಬೇಕಾದ ಬಹುಪಾಲು ವಸ್ತುಗಳನ್ನು ಮಾಡುವುದು ಲಿವರು. ಅದು ಸೋತರೆ ಐಎನ್‌ಆರ್ ಏರುತ್ತದೆ. ಎಸ್‌ಜಿಪಿಟಿ ಸಾವಿರದಿಂದ ಇನ್ನೂರಕ್ಕೆ ಇಳಿಯಿತೆಂದು ಸಂತೋಷಪಡುವ ಮುಂಚೆ ಐಎನ್‌ಆರ್ ನೋಡಬೇಕು. ಅದು ಏರುತ್ತಿದ್ದರೆ, ಎಸ್‌ಜಿಪಿಟಿ ಇಳಿದದ್ದು ಸಾಯಲು ಜೀವಕೋಶವೇ ಉಳಿದಿಲ್ಲವೆಂಬ ಕಾರಣಕ್ಕಿರಬಹುದು. ಲಿವರು ಹೀಗೆ ಸೋಲುತ್ತಿರುವುದಕ್ಕೆ ಮನೆಯಲ್ಲಿ ಕಾಣುವ ಗುರುತು: ಹಗಲೆಲ್ಲ ಮಂಪರು, ರಾತ್ರಿ ಎಚ್ಚರ, ಗೊತ್ತಿರುವ ಹೆಸರು ತಪ್ಪಿ ಹೇಳುವುದು.

ಹೆಪಟೈಟಿಸ್ ಬಿ ಮತ್ತು ಸಿ ರಕ್ತದಿಂದ, ಸೂಜಿಯಿಂದ, ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ ಹರಡುತ್ತವೆ. ವರ್ಷಗಟ್ಟಲೆ ಸದ್ದಿಲ್ಲದೆ ಲಿವರನ್ನು ಗಟ್ಟಿ ಮಾಡುತ್ತವೆ. ಕುಡಿತ, ಸಕ್ಕರೆ ಕಾಯಿಲೆಯವರ ಕೊಬ್ಬಿನ ಲಿವರು ಕೂಡ ಹಾಗೆಯೇ. ಇವರಲ್ಲಿ ಹಳದಿ ಕಾಣುವಷ್ಟರಲ್ಲಿ ಬಹಳ ತಡವಾಗಿರುತ್ತದೆ. ಅದಕ್ಕೂ ಮುಂಚೆ ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಇಳಿದಿರಬಹುದು, ಕಾಲು ಊದಿರಬಹುದು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಪರೀಕ್ಷೆ, ಚಿಕಿತ್ಸೆ ಉಚಿತ. ಸಿ ಬಹುತೇಕ ಎಲ್ಲರಲ್ಲೂ 12 ವಾರದ ಮಾತ್ರೆಗೆ ವಾಸಿಯಾಗುತ್ತದೆ. ಬಿಗೆ ಲಸಿಕೆಯಿದೆ, ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್.

ಹಸುಗೂಸುಗಳ ಮಾತೂ ಒಂದಿದೆ. ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ, ಎರಡು ವಾರ ಕಳೆದರೂ ಹೋಗದಿದ್ದರೆ, ಮಲ ಬೆಳ್ಳಗಿದ್ದರೆ ಬಿಸಿಲು ಕಾಯಿಸುತ್ತಾ ಕೂರಬೇಡಿ. ಪಿತ್ತನಾಳ ಮುಚ್ಚಿಹೋದ ಕೂಸಿಗೆ ಶಸ್ತ್ರಚಿಕಿತ್ಸೆ 60 ದಿನದೊಳಗೆ ಆದರೆ ಫಲ ಚೆನ್ನಾಗಿರುತ್ತದೆ.

ನಾಟಿ ಔಷಧಿಗೆ ಒಳ್ಳೆಯ ಹೆಸರು ಬರಲು ಕಾರಣವಿದೆ. ಹೆಪಟೈಟಿಸ್ ಎ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಹೆಸರು ಕೊನೆಯಲ್ಲಿ ಕೊಟ್ಟ ಮದ್ದಿಗೆ. ಸುಣ್ಣದ ನೀರಲ್ಲಿ ಕೈ ತೊಳೆಸಿ ಹಳದಿ ಇಳಿಸುತ್ತಾರಲ್ಲ, ಬಿಲಿರುಬಿನ್ ಅಂಗೈಯಿಂದ ಹೊರಬರುವ ವಸ್ತುವಲ್ಲ. ತಿಂಗಳುಗಟ್ಟಲೆ ಉಪ್ಪು, ಎಣ್ಣೆ, ಅರಿಶಿನ ಬಿಡಿಸುವುದರಿಂದ ಮನುಷ್ಯ ಸೊರಗುತ್ತಾನೆ ಅಷ್ಟೆ. ವಾಕರಿಕೆ ನಿಂತ ಮೇಲೆ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಎಲ್ಲ ತಿನ್ನಬಹುದು. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಮಾತ್ರ ಉಪ್ಪು ಕಡಿಮೆ.

ಆಸ್ಪತ್ರೆಗೆ ಹೋಗುವಾಗ ಕಳೆದ ಮೂರು ತಿಂಗಳಲ್ಲಿ ನುಂಗಿದ್ದೆಲ್ಲದರ ಚೀಟಿ ಒಯ್ಯಿರಿ. ಕ್ಷಯದ ಮಾತ್ರೆ, ಫಿಟ್ಸ್ ಮಾತ್ರೆ, ದಿನಕ್ಕೆಷ್ಟು ಪ್ಯಾರಾಸಿಟಮಾಲ್ ಎಂಬ ಲೆಕ್ಕ. ಕಷಾಯ, ಬಳ್ಳಿ, ಬೇರಿನ ಪುಡಿ ತಿಂದಿದ್ದರೆ ಬಚ್ಚಿಡಬೇಡಿ, ಉಳಿದ ಪೊಟ್ಟಣವನ್ನೂ ಜೊತೆಗೆ ತನ್ನಿ.

ನಮಸ್ಕಾರ.