ಮುಟ್ಟದೆ ಲೋಹ ಕೆತ್ತುವ ಉಪ್ಪುನೀರು

ಕೇಳುಗರೇ, ನಮಸ್ಕಾರ. ಒಂದು ಲೋಟ ನೀರಿಗೆ ಎರಡು ಚಮಚ ಉಪ್ಪು ಕದಡಿ, ಎರಡು ಕಬ್ಬಿಣದ ಮೊಳೆಗಳನ್ನು ಒಂದಕ್ಕೊಂದು ತಾಗದ ಹಾಗೆ ಇಳಿಬಿಟ್ಟು, ಒಂದಕ್ಕೆ ಬ್ಯಾಟರಿಯ ಪ್ಲಸ್, ಇನ್ನೊಂದಕ್ಕೆ ಮೈನಸ್ ಜೋಡಿಸಿದಿರಿ ಅಂದುಕೊಳ್ಳಿ. ಮೈನಸ್ ಮೊಳೆಯ ಸುತ್ತ ಸಣ್ಣ ಗುಳ್ಳೆಗಳು ಏಳುತ್ತವೆ. ಅದು ಹೈಡ್ರೋಜನ್. ಪ್ಲಸ್ ಮೊಳೆ ಮೆಲ್ಲಗೆ ಸವೆಯುತ್ತದೆ. ನೀರು ಹಸಿರಾಗಿ, ಆಮೇಲೆ ತುಕ್ಕಿನ ಬಣ್ಣಕ್ಕೆ ತಿರುಗಿ, ತಳದಲ್ಲಿ ಕೆಸರು ಕೂರುತ್ತದೆ. ಸವೆದ ಕಬ್ಬಿಣವೆಲ್ಲ ಆ ಕೆಸರಿನಲ್ಲೇ ಇದೆ. ಕರೆಂಟ್ ಹರಿಸಿ ಲೋಹವನ್ನು ಕರಗಿಸಿ ಕೆತ್ತುವ ಎಲೆಕ್ಟ್ರೋಕೆಮಿಕಲ್ ಮಷಿನಿಂಗ್ ಅಂದರೆ ಇಷ್ಟೇ, ಮಿಕ್ಕಿದ್ದೆಲ್ಲ ಇದನ್ನು ಹದ್ದುಬಸ್ತಿನಲ್ಲಿಡುವ ಕೆಲಸ.

ಕಾರ್ಖಾನೆಯ ಯಂತ್ರದಲ್ಲಿ ಕೆತ್ತಬೇಕಾದ ತುಂಡಿಗೆ ಪ್ಲಸ್, ತಾಮ್ರದ್ದೋ ಹಿತ್ತಾಳೆಯದ್ದೋ ಆದ ಟೂಲ್‌ಗೆ ಮೈನಸ್. ವೋಲ್ಟೇಜ್ ಸಾಮಾನ್ಯವಾಗಿ 10ರಿಂದ 20, ಆದರೆ ಕರೆಂಟ್ ಸಾವಿರಾರು ಆಂಪಿಯರ್ ಇರಬಹುದು. ಎರಡರ ನಡುವೆ ಅರ್ಧ ಮಿಲಿಮೀಟರಿಗಿಂತ ಕಿರಿದಾದ ಸಂದು, ಅದರೊಳಗೆ ಪಂಪಿನ ಒತ್ತಡಕ್ಕೆ ಭರ್ರನೆ ನುಗ್ಗುವ ಉಪ್ಪುನೀರು. ಕೆಸರು, ಗುಳ್ಳೆ, ಬಿಸಿ ಮೂರನ್ನೂ ಅದೇ ಹೊತ್ತೊಯ್ಯಬೇಕು. ನೀರು ನಿಂತಿತೋ, ಕುದಿದು ಕಿಡಿ ಹಾರುತ್ತದೆ. ಟೂಲೂ ಹಾಳು, ತುಂಡೂ ಹಾಳು.

ನನಗೆ ಬಹಳ ಇಷ್ಟವಾಗುವುದು ಈ ಸಂದಿನ ಆಟ. ಟೂಲನ್ನು ಒಂದೇ ವೇಗದಲ್ಲಿ ಮುಂದಕ್ಕೆ ತಳ್ಳುತ್ತಿರುತ್ತಾರೆ. ತುಂಡಿನಲ್ಲಿ ಎಲ್ಲೋ ಒಂದು ಉಬ್ಬು ಇದೆ ಅನ್ನಿ. ಅಲ್ಲಿ ಸಂದು ಕಿರಿದು, ತಡೆ ಕಡಿಮೆ, ಹಾಗಾಗಿ ಕರೆಂಟ್ ಅಲ್ಲೇ ಜಾಸ್ತಿ ಹರಿದು ಆ ಉಬ್ಬನ್ನೇ ಮೊದಲು ಕರಗಿಸುತ್ತದೆ. ತಗ್ಗಿನಲ್ಲಿ ಸಂದು ದೊಡ್ಡದು, ಕೆಲಸ ನಿಧಾನ. ಯಾರೂ ಅಳೆಯದೆಯೇ ಸಂದು ಒಂದು ಹದಕ್ಕೆ ಬಂದು ನಿಲ್ಲುತ್ತದೆ, ಟೂಲಿನ ಆಕಾರ ಅಚ್ಚೊತ್ತಿದ ಹಾಗೆ ತುಂಡಿಗೆ ಇಳಿಯುತ್ತದೆ. ಟೂಲ್ ಮಾತ್ರ ಸವೆಯುವುದಿಲ್ಲ. ಅಲ್ಲಿ ಏಳುವುದು ಬರೀ ಗುಳ್ಳೆ, ಅಲ್ವಾ?

ಲೋಹ ಎಷ್ಟು ಗಟ್ಟಿ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಲೋಹ ಕಡೆಯುವ ಲೇತ್ ಯಂತ್ರದ ಟೂಲನ್ನೇ ತಿಂದುಹಾಕುವ ನಿಕಲ್ ಮಿಶ್ರಲೋಹವೂ ಕರಗುತ್ತದೆ, ಅದಕ್ಕೇ ಜೆಟ್ ಎಂಜಿನ್ನಿನ ಟರ್ಬೈನ್ ಬ್ಲೇಡುಗಳಿಗೆ ಈ ದಾರಿ ಹಿಡಿಯುತ್ತಾರೆ. ಎಷ್ಟು ಕರಗುತ್ತದೆ ಎಂಬ ಲೆಕ್ಕದ ನಿಯಮವನ್ನು ವಿಜ್ಞಾನಿ ಮೈಕೆಲ್ ಫ್ಯಾರಡೆ 1830ರ ದಶಕದಲ್ಲೇ ಕೊಟ್ಟಿದ್ದರು. 1 ಆಂಪಿಯರ್ ಒಂದು ಗಂಟೆ ಹರಿದರೆ ಹೆಚ್ಚುಕಡಿಮೆ 1 ಗ್ರಾಂ ಕಬ್ಬಿಣ. 1000 ಆಂಪಿಯರ್ ಹರಿಸಿದರೆ ಒಂದು ಕೆಜಿ. ಸುಮ್ನೆ ಅಷ್ಟು ಕರೆಂಟ್ ಸುರಿಯುವುದಿಲ್ಲ.

ತೊಂದರೆಗಳೂ ಇವೆ. ಉಪ್ಪುನೀರು ಯಂತ್ರಕ್ಕೇ ತುಕ್ಕು ಹಿಡಿಸುತ್ತದೆ, ಒಳಮೂಲೆಗಳು ಚೂಪಾಗಿ ಬರುವುದಿಲ್ಲ, ಕೆಸರನ್ನು ಎಲ್ಲೆಂದರಲ್ಲಿ ಚೆಲ್ಲುವ ಹಾಗಿಲ್ಲ. ಲೋಟದ ಪ್ರಯೋಗ ಮಾಡಿ ನೋಡುವವರು ಕಿಟಕಿ ತೆರೆದಿಡಿ, ಹತ್ತಿರದಲ್ಲಿ ಬೆಂಕಿ ಬೇಡ. ಮೊಳೆ ಸಿಗಲಿಲ್ಲ ಅಂತ ಸ್ಟೇನ್‌ಲೆಸ್ ಸ್ಟೀಲಿನ ಚಮಚ ಮಾತ್ರ ಹಾಕಬೇಡಿ. ಅದರಲ್ಲಿರುವ ಕ್ರೋಮಿಯಂ ನೀರಿಗಿಳಿದರೆ ವಿಷವಾಗಬಹುದು.